ಡಯೋಡಿನ ಹಿಂದುಮುಂದು

ನಿಮ್ಮ ಮಗಳು ಗಿಟಾರಿಗೆ ಡಿಸ್ಟಾರ್ಷನ್ ಪೆಡಲ್ ಕಟ್ಟೋಕೆ ಹೊರಟಿದ್ದಾಳೆ ಅಂದ್ರಲ್ಲ, ಕೇಳಿ ಖುಷಿ ಆಯ್ತು ಕಣ್ರೀ. ಎಸ್.ಪಿ. ರೋಡಿಗೆ ಹೋಗಿ ಯಾವ ಡಯೋಡ್ ತರಬೇಕು ಅನ್ನೋದು ಅವಳ ಪ್ರಶ್ನೆ, ಅಲ್ವಾ? ಪೆಡಲ್ ಕಟ್ಟೋರು ನಾಲ್ಕು ಜನ ಸೇರಿದರೆ ಮಾತು ಶುರುವಾಗೋದೇ ಅಲ್ಲಿಂದ. ಸಿಲಿಕಾನ್ ಒಳ್ಳೇದೋ, ಜರ್ಮೇನಿಯಂ ಒಳ್ಳೇದೋ, ಕೆಂಪು ಎಲ್‌ಇಡಿ ಹಾಕಿದರೆ ಹೇಗೆ, ಮಾಸ್ಫೆಟ್ ಹಾಕಿದರೆ ಹೇಗೆ. ಗಂಟೆಗಟ್ಟಲೆ ನಡೆಯುತ್ತೆ. ನನ್ನ ಕೇಳಿದರೆ ಡಯೋಡ್ ಅನ್ನೋದು ಕೊನೆಗೆ ಆರಿಸಬೇಕಾದ ವಸ್ತು. ಡಯೋಡಿನ ಹತ್ತಿರಕ್ಕೆ ಏನನ್ನು ಕಳಿಸ್ತೀವಿ, ಅದು ಕೆಡಿಸಿ ಕೊಟ್ಟಿದ್ದರಲ್ಲಿ ಎಷ್ಟನ್ನು ಉಳಿಸ್ಕೋತೀವಿ, ಪೆಡಲಿನ ದನಿ ತೀರ್ಮಾನ ಆಗೋದು ಈ ಎರಡು ಜಾಗದಲ್ಲಿ.

ಗಿಟಾರಿನ ಪಿಕಪ್ಪಿಂದ ಬರೋ ವಿದ್ಯುತ್ತು ತೀರಾ ಸಣ್ಣದು. ಮೆಲ್ಲಗೆ ಮೀಟಿದರೆ ನೂರು ಮಿಲಿವೋಲ್ಟು ಅಂತಿಟ್ಕೊಳ್ಳಿ, ಹಂಬಕರ್ ಪಿಕಪ್ಪಿನ ಮೇಲೆ ಬಲವಾಗಿ ಬಾರಿಸಿದರೆ ಕ್ಷಣಮಾತ್ರ ಒಂದು ವೋಲ್ಟಿನ ಹತ್ತಿರ ಹೋಗುತ್ತೆ. ಅದನ್ನ ಹತ್ತು ಪಟ್ಟೋ ನೂರು ಪಟ್ಟೋ ಹಿಗ್ಗಿಸ್ತೀವಿ. ಆಮೇಲೆ ಎರಡು ಡಯೋಡನ್ನ ಒಂದರ ತಲೆ ಇನ್ನೊಂದರ ಕಾಲಿಗೆ ಬರೋ ಹಾಗೆ ಅಡ್ಡ ಇಡ್ತೀವಿ. ಸಿಲಿಕಾನ್ ಡಯೋಡಾದರೆ ಅರ್ಧ ವೋಲ್ಟು ದಾಟಿದಷ್ಟೂ ಭಾಗವನ್ನ ಅದು ನೆಲಕ್ಕೆ, ಅಂದರೆ ಗ್ರೌಂಡಿಗೆ, ಹರಿಸಿಬಿಡುತ್ತೆ. ನಮ್ಮಿಬ್ಬರ ನಡುವೆ ಇರೋ ಈ ಬೇಲಿಗಿಡದ ನೆತ್ತಿಯನ್ನ ಕತ್ತರಿಯಲ್ಲಿ ಸಮ ಮಾಡ್ತೀವಲ್ಲ, ಹಾಗೆ ಅಲೆಯ ನೆತ್ತಿ ಚಪ್ಪಟೆ ಆಗುತ್ತೆ. ಕ್ಲಿಪ್ಪಿಂಗ್ ಅನ್ನೋದು ಇದಕ್ಕೇ. ಚಪ್ಪಟೆ ಆದ ಅಲೆಯಲ್ಲಿ ಮೊದಲು ಇಲ್ಲದ ಮೇಲುಸ್ವರಗಳು ಹುಟ್ಟುತ್ತವೆ. ಗೊಗ್ಗರು ದನಿ, ಉದ್ದಕ್ಕೆ ಎಳೆದು ನಿಲ್ಲೋ ನಾದ, ಎಲ್ಲಾ ಅದರಿಂದಲೇ.

ಆದರೆ ಮೊದಮೊದಲು ಈ ದನಿ ಬಂದಾಗ ಡಯೋಡ್ ಎಲ್ಲೂ ಇರಲಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅನ್ನೋ ಗಾಯಕನ ‘ಡೋಂಟ್ ವರಿ’ ಹಾಡಿನ ರೆಕಾರ್ಡಿಂಗ್ ನಡೀತಿತ್ತು. ಗ್ರೇಡಿ ಮಾರ್ಟಿನ್ ಬೇಸ್ ಗಿಟಾರ್ ನುಡಿಸ್ತಿದ್ದ. ಮಿಕ್ಸಿಂಗ್ ಮೇಜಿನ ಒಂದು ಚಾನೆಲ್ಲಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿದ್ದರಿಂದ ಅವನ ಬಿಡಿವಾದನ ಹರಿದ ದನಿಯಲ್ಲಿ ರೆಕಾರ್ಡ್ ಆಯ್ತು. ಅದನ್ನ ತೆಗೆಯದೆ ಹಾಗೇ ಬಿಟ್ಟರು, 1961ರಲ್ಲಿ ಹಾಡು ಹೊರಬಂತು, ಗೆದ್ದಿತು. ಅಲ್ಲಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿ ಬೇಕಾದಾಗ ಬರೋ ಹಾಗೆ ಟ್ರಾನ್ಸಿಸ್ಟರಿನ ಸರ್ಕ್ಯೂಟ್ ಮಾಡಿದ. ಗಿಬ್ಸನ್ ಕಂಪನಿ ಅದನ್ನ 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಅಂತ ಮಾರಾಟಕ್ಕಿಟ್ಟಿತು. ಒಳಗಡೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಂದೂವರೆ ವೋಲ್ಟಿನ ಎರಡು ಸೆಲ್ಲು, ಅಷ್ಟೆ. ಟ್ರಾನ್ಸಿಸ್ಟರಿಗೆ ಮೂರೇ ವೋಲ್ಟು ಕೊಟ್ಟಾಗ ಅದರ ಅಲೆ ಮೇಲೂ ಕೆಳಗೂ ಗೋಡೆಗೆ ಬಡಿದು ತಾನಾಗೇ ಚಪ್ಪಟೆ ಆಗುತ್ತೆ. ಇದು ತುತ್ತೂರಿ, ಸ್ಯಾಕ್ಸೋಫೋನ್ ಥರ ಕೇಳುತ್ತೆ ಅಂತ ಕಂಪನಿ ಜಾಹೀರಾತು ಮಾಡಿತು. ಮೂರು ವರ್ಷ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನ ಬಳಸಿದ. ಅವನ ಯೋಚನೆಯೂ ಅದೇ: ಆಮೇಲೆ ಆ ಜಾಗಕ್ಕೆ ಗಾಳಿವಾದ್ಯ ಹಾಕೋಣ, ಸದ್ಯಕ್ಕೆ ಗುರುತಿಗೆ ಇದು ಇರಲಿ ಅಂತ. ಗುರುತೇ ಹಾಡಾಗಿ ನಿಂತಿತು. ಅದಕ್ಕೆ ಒಂದು ವರ್ಷ ಮುಂಚೆ ಕಿಂಕ್ಸ್ ತಂಡದ ಡೇವ್ ಡೇವಿಸ್ ರೇಜರ್ ಬ್ಲೇಡಿನಿಂದ ತನ್ನ ಆಂಪ್ಲಿಫಯರಿನ ಸ್ಪೀಕರ್ ಕೋನನ್ನೇ ಸೀಳಿ ‘ಯು ರಿಯಲಿ ಗಾಟ್ ಮಿ’ ನುಡಿಸಿದ್ದ. ಅಲೆ ಎಲ್ಲಿ ಹರಿದರೂ ಸರಿ, ಹರಿಯಬೇಕು ಅಷ್ಟೆ ಅನ್ನೋ ಕಾಲ ಅದು.

ಡಯೋಡು ಬಂದ ಮೇಲೆ ಹರಿಯೋದು ಹತೋಟಿಗೆ ಬಂತು. ಹತೋಟಿಯ ಕಲೆಯನ್ನ ನೋಡಬೇಕಾದರೆ ಟ್ಯೂಬ್ ಸ್ಕ್ರೀಮರನ್ನ ನೋಡಬೇಕು. ಇಬಾನೆಜ್ ಹೆಸರಿನಲ್ಲಿ 1970ರ ದಶಕದ ಕೊನೆಗೆ ಬಂದ ಹಸಿರು ಡಬ್ಬಿ, ಜಪಾನಿನ ಮ್ಯಾಕ್ಸನ್‌ನವರು ಮಾಡಿಕೊಟ್ಟದ್ದು, ವಿನ್ಯಾಸ ಸುಸುಮು ತಮುರಾ ಅವರದು. ನಾನು ಆ ಸರ್ಕ್ಯೂಟನ್ನ ಎಷ್ಟು ಸಲ ನೋಡಿದರೂ ಬೇಸರ ಬರೋದಿಲ್ಲ.

ಅದರಲ್ಲಿ ಡಯೋಡ್ ನೆಲಕ್ಕೆ ಹೋಗೋದಿಲ್ಲ, ಆಪ್-ಆಂಪಿನ, ಅಂದರೆ ಅಲೆಯನ್ನ ಹಿಗ್ಗಿಸೋ ಚಿಪ್ಪಿನ, ಫೀಡ್‌ಬ್ಯಾಕ್ ದಾರಿಯಲ್ಲಿ ಕೂತಿರುತ್ತೆ. ಫೀಡ್‌ಬ್ಯಾಕಿನಲ್ಲಿ 51 ಕಿಲೋ ಓಮ್ ರೆಸಿಸ್ಟರು, ಅದರ ಜೊತೆ 500 ಕಿಲೋ ಓಮಿನ ಡ್ರೈವ್ ಪಾಟು. ನೆಲದ ಕಡೆಗೆ 4.7 ಕಿಲೋ ಓಮು, ಅದಕ್ಕೆ ಸಾಲಾಗಿ 0.047 ಮೈಕ್ರೋಫ್ಯಾರಡ್ ಕೆಪಾಸಿಟರು. ಲೆಕ್ಕ ಹಾಕಿದರೆ ಹಿಗ್ಗಿಸೋದು ಸುಮಾರು 12 ಪಟ್ಟಿಂದ 118 ಪಟ್ಟಿನವರೆಗೆ. ಡಯೋಡಿನಲ್ಲಿ ಕರೆಂಟು ಹರಿಯೋಕೆ ಶುರುವಾದರೆ ಫೀಡ್‌ಬ್ಯಾಕ್ ದಾರಿಯ ಅಡ್ಡಿ ಕುಸಿದು ಹಿಗ್ಗಿಸೋದು ಕಮ್ಮಿ ಆಗುತ್ತೆ. ಎಷ್ಟು ಕುಸಿದರೂ ಒಂದು ಪಟ್ಟಿಗಿಂತ ಕೆಳಗೆ ಹೋಗೋದಿಲ್ಲ, ಯಾಕಂದ್ರೆ ಅದು ನಾನ್-ಇನ್ವರ್ಟಿಂಗ್ ಆಂಪ್ಲಿಫಯರು. ಅಂದರೆ ಹೊರಗೆ ಬರೋದು ಏನು? ಡಯೋಡ್ ಹಿಡಿದಿಟ್ಟ ವೋಲ್ಟೇಜು, ಅದರ ಮೇಲೆ ಗಿಟಾರಿನ ಮೂಲ ಅಲೆ ಹಾಗೇ ಪೂರ್ತಿ. ಆಸಿಲೋಸ್ಕೋಪಿನಲ್ಲಿ ಇಟ್ಟು ನೋಡಿದರೆ ಚಪ್ಪಟೆ ನೆತ್ತಿಯ ಮೇಲೆ ಸಣ್ಣ ಗುಡ್ಡದ ಹಾಗೆ ಮೂಲ ಅಲೆ ಉಬ್ಬಿಕೊಂಡಿರುತ್ತೆ, ತಂತಿಯನ್ನ ಜೋರಾಗಿ ಮೀಟಿದರೆ ಆ ಗುಡ್ಡವೂ ಏಳುತ್ತೆ. ಬೆರಳಿನ ಭಾವ ಸಾಯೋದಿಲ್ಲ ಅಂತ ನುಡಿಸೋರು ಹೇಳ್ತಾರಲ್ಲ, ಆ ಮಾತಿಗೆ ಕಾರಣ ಆ ಗುಡ್ಡ. ಡಯೋಡಿನ ಜಾತಿಗಿಂತ ಅದನ್ನ ಕೂರಿಸಿದ ಜಾಗ ಮಾಡಿದ ಕೆಲಸ ಅದು.

ಇನ್ನೂ ಒಳ್ಳೇದು ಮುಂದಿದೆ. ಆ 4.7 ಕಿಲೋ ಓಮು, 0.047 ಮೈಕ್ರೋಫ್ಯಾರಡ್ ಎರಡೂ ಸೇರಿ 720 ಹರ್ಟ್ಸ್‌ನ ಹತ್ತಿರ ಒಂದು ಗೆರೆ ಎಳೆಯುತ್ತವೆ. ಅದಕ್ಕಿಂತ ಕೆಳಗಿನ ಸ್ವರಗಳು ಕೆಳಗಿಳಿದಷ್ಟೂ ಕಮ್ಮಿ ಹಿಗ್ಗುತ್ತವೆ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸು, ಆದ್ದರಿಂದ ಮಂದ್ರದ ಹುರುಪು ಡಯೋಡಿನ ಹತ್ತಿರ ಹೋಗೋ ಮುಂಚೆಯೇ ಇಳಿದಿರುತ್ತೆ. ಡಯೋಡ್ ದಾಟಿದ ಕೂಡಲೇ ಇನ್ನೊಂದು ಜೋಡಿ ಇದೆ: ಒಂದು ಕಿಲೋ ಓಮು, 0.22 ಮೈಕ್ರೋಫ್ಯಾರಡ್. ಅದರ ಗೆರೆ 723 ಹರ್ಟ್ಸು. ಈ ಸಲ ಮೇಲಿನ ತಾರಸ್ವರಗಳು ಇಳೀತವೆ. ಹಿಂದೆ ಮಂದ್ರಕ್ಕೆ ಕಡಿವಾಣ, ಮುಂದೆ ತಾರಕ್ಕೆ ಕಡಿವಾಣ, ಎರಡೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ನಡುವೆ ಉಳಿದದ್ದು ಆ ಪೆಡಲಿನ ಪ್ರಸಿದ್ಧ ಮಧ್ಯದ ಉಬ್ಬು. ವಾದ್ಯವೃಂದದಲ್ಲಿ ಡ್ರಮ್ಮು, ಬೇಸು, ಕೀಬೋರ್ಡು ಎಲ್ಲಾ ಮೊಳಗುವಾಗಲೂ ಗಿಟಾರ್ ಎದ್ದು ಕೇಳೋದು ಆ ಉಬ್ಬಿನಿಂದ.

ಮಂದ್ರವನ್ನ ಮುಂಚೆಯೇ ಯಾಕೆ ಇಳಿಸಬೇಕು ಅಂತೀರಾ? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಕ್ಲಿಪ್ಪಿಂಗ್ ಸರ್ಕ್ಯೂಟಿನ ತಿರುಳೇ ಇದು. ಒಂದೇ ಸ್ವರ ಹರಿದಾಗ ಹುಟ್ಟೋ ಹೊಸ ಸ್ವರಗಳು ಅದರ ಗುಣಕಗಳೇ, ಶ್ರುತಿ ಕೆಡೋದಿಲ್ಲ. ಎರಡು ಸ್ವರ ಒಟ್ಟಿಗೆ ಹರಿದರೆ ಅವುಗಳ ಮೊತ್ತ, ವ್ಯತ್ಯಾಸ, ಒಂದರ ಇಮ್ಮಡಿಯಿಂದ ಇನ್ನೊಂದನ್ನ ಕಳೆದದ್ದು, ಹೀಗೆ ಯಾರೂ ನುಡಿಸದ ಸ್ವರಗಳು ಹುಟ್ಟುತ್ತವೆ. ಷಡ್ಜ 110 ಹರ್ಟ್ಸ್, ಪಂಚಮ 165 ಹರ್ಟ್ಸ್ ಇರಲಿ. ವ್ಯತ್ಯಾಸ 55. ಷಡ್ಜದ ಇಮ್ಮಡಿ 220ರಿಂದ ಪಂಚಮ ಕಳೆದರೂ 55. ಅದು ಕೆಳಗಿನ ಸ್ಥಾಯಿಯ ಷಡ್ಜವೇ! ಯಾರೂ ಮುಟ್ಟದ ತಂತಿಯೊಂದು ಕೆಳಗಿಂದ ಆಧಾರ ಕೊಟ್ಟ ಹಾಗೆ ಕೇಳುತ್ತೆ. ರಾಕ್ ಸಂಗೀತದವರು ಪವರ್ ಕಾರ್ಡ್ ಅಂತ ಬರೀ ಸ-ಪ ಹಿಡಿದು ಬಾರಿಸ್ತಾರಲ್ಲ, ಅದರ ಹಿಂದಿನ ಗುಟ್ಟು ಇದು. ನಮ್ಮ ತಂಬೂರಿಯಲ್ಲಿ ಪಂಚಮ, ಷಡ್ಜ ಎರಡೇ ಇಟ್ಕೊಂಡು ಇಡೀ ಕಚೇರಿ ನಡೆಸೋರಿಗೆ ಈ ಬೆಸುಗೆಯ ಸುಖ ಹೊಸದೇನಲ್ಲ.

ಪಂಚಮದ ಜಾಗಕ್ಕೆ ಅಂತರ ಗಾಂಧಾರ ತನ್ನಿ. ಶುದ್ಧ ಶ್ರುತಿಯಲ್ಲಾದರೆ ಅದು 137.5 ಹರ್ಟ್ಸು. 220ರಿಂದ ಕಳೆದರೆ 82.5, ಅದೂ ಪಂಚಮವೇ, ಕೆಳಗಿನ ಸ್ಥಾಯಿಯದು. ಆದರೆ ಗಿಟಾರಿನ ಮೆಟ್ಟಿಲು ಇರೋದು ಸಮಭಾಗದ ಶ್ರುತಿಗೆ, ಅಲ್ಲಿ ಗಾಂಧಾರ 138.6. ಕಳೆದರೆ 81.4. ಗಿಟಾರಿನ ಸ್ವಂತ ಮಂದ್ರ ಇ 82.4, ಅದರ ಪಕ್ಕದಲ್ಲೇ ಒಂದು ಹರ್ಟ್ಸು ಕೆಳಗೆ ಈ ಭೂತಸ್ವರ ಅಲುಗಾಡ್ತಾ ನಿಲ್ಲುತ್ತೆ. ಬರೀ ವ್ಯತ್ಯಾಸ ತೆಗೆದುಕೊಂಡರೆ 28.6, ಅದು ಯಾವ ಸ್ವರಕ್ಕೂ ಸರಿಹೊಂದದ ಗುಡುಗು. ಕಾರ್ಡಿನಲ್ಲಿ ಆರು ತಂತಿ ಬಾರಿಸಿದರೆ ಇಂಥ ಭೂತಗಳು ಲೆಕ್ಕಕ್ಕೇ ಸಿಗೋದಿಲ್ಲ. ಮಂದ್ರ ಜಾಸ್ತಿ ಹೋದಷ್ಟೂ ಕೆಸರು ಜಾಸ್ತಿ. ಒಮ್ಮೆ ಹುಟ್ಟಿದ ಭೂತವನ್ನ ಆಮೇಲೆ ಯಾವ ಟೋನ್ ಗುಂಡಿಯೂ ತೆಗೆಯೋದಿಲ್ಲ, ಅದು ಬೇಕಾದ ಸ್ವರಗಳ ನಡುವೆಯೇ ಸೇರಿಕೊಂಡುಬಿಟ್ಟಿರುತ್ತೆ. ಅದಕ್ಕೇ ಹುಟ್ಟೋ ಮುಂಚೆ ತಡೀಬೇಕು. ಡಯೋಡ್ ಆರಿಸೋಕೆ ಒಂದು ವಾರ ಕಳೆಯೋರು ಆ ಒಂದು ಕೆಪಾಸಿಟರಿನ ಬಗ್ಗೆ ಅರ್ಧ ಗಂಟೆಯೂ ಯೋಚಿಸೋದಿಲ್ಲ ಅನ್ನೋದು ನನಗೆ ನಿಜವಾಗಿ ನೋವು ಕೊಡೋ ವಿಷಯ.

ಹಾಗಂತ ಡಯೋಡಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳೋದಿಲ್ಲ. ಜರ್ಮೇನಿಯಂ ಕಾಲು ವೋಲ್ಟಿನ ಆಚೀಚೆ ಬಾಗೋಕೆ ಶುರುಮಾಡುತ್ತೆ, ನಿಧಾನವಾಗಿ, ದುಂಡಗೆ. ಸಿಲಿಕಾನ್ 0.6 ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಆದರೆ ಅದು ಮಿಲಿಆಂಪ್ ಹರಿದಾಗಿನ ಮಾತು. ಟ್ಯೂಬ್ ಸ್ಕ್ರೀಮರಿನ ಫೀಡ್‌ಬ್ಯಾಕಿನಲ್ಲಿ ನೂರು ಮಿಲಿವೋಲ್ಟಿನ ಅಲೆಗೆ ಹರಿಯೋದು 20 ಮೈಕ್ರೋಆಂಪಿನಷ್ಟು. ಅಲ್ಲಿ 1ಎನ್4148ರಂಥ ಸಾಮಾನ್ಯ ಸಿಲಿಕಾನ್ ಡಯೋಡು 0.4 ವೋಲ್ಟಿನ ಸುತ್ತಲೇ ಹಿಡಿಯೋಕೆ ಶುರುಮಾಡಿರುತ್ತೆ. ಅದಕ್ಕೇ ಮಲ್ಟಿಮೀಟರ್ ತೋರಿಸಿದ ಸಂಖ್ಯೆ ನೋಡಿಕೊಂಡು ಡಯೋಡ್ ಜೋಡಿ ಮಾಡೋದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಕೆಂಪು ಎಲ್‌ಇಡಿ 1.7 ವೋಲ್ಟಿನ ಸುತ್ತ, ನೀಲಿಯದು ಮೂರರ ಹತ್ತಿರ. ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ಆಪ್-ಆಂಪಿಗೆ ಆ ಕಡೆ ಈ ಕಡೆ ಸಿಗೋದೇ ಮೂರೂವರೆ ಚಿಲ್ಲರೆ. ನೀಲಿ ಎಲ್‌ಇಡಿ ಹಾಕಿದರೆ ಅರ್ಧ ಕ್ಲಿಪ್ಪಿಂಗ್ ಮಾಡೋದು ಆಪ್-ಆಂಪೇ, ಡಯೋಡ್ ಅಲ್ಲ.

ಡಯೋಡನ್ನ ನೆಲಕ್ಕೇ ಕಟ್ಟೋ ಬಗೆ ಬೇರೆ. ಬಾಸ್ ಕಂಪನಿಯ ಡಿಎಸ್-1, 1978ರದು, ಕಿತ್ತಳೆ ಬಣ್ಣದ ಡಬ್ಬಿ. ಆಪ್-ಆಂಪಿನಿಂದ ಬಂದದ್ದು 2.2 ಕಿಲೋ ಓಮ್ ದಾಟಿ ಡಯೋಡಿಗೆ, ಪಕ್ಕದಲ್ಲಿ 0.01 ಮೈಕ್ರೋಫ್ಯಾರಡ್. ಮೂಲ ಅಲೆಯ ಗುಡ್ಡ ಇಲ್ಲಿ ಇಲ್ಲ. ಬಿರುಸು. ಎಂಎಕ್ಸ್ಆರ್ ಡಿಸ್ಟಾರ್ಷನ್ ಪ್ಲಸ್ ಇದೇ ಬಗೆಯದು, ಜರ್ಮೇನಿಯಂ ಡಯೋಡು; ಡಿಒಡಿ 250 ಅದರ ತದ್ರೂಪು ಅನ್ನಿ, ಸಿಲಿಕಾನ್.

ರ್‍ಯಾಟ್ ಪೆಡಲಿನ ಕಥೆ ಮಾತ್ರ ಹೇಳಲೇಬೇಕು. ಮಿಷಿಗನ್ ರಾಜ್ಯದ ಕಲಮಜೂ ಊರಿನ ಪ್ರೋಕೋ ಕಂಪನಿಯದು, 1970ರ ದಶಕದ ಕೊನೆಯದು. ಮೊದಲಿನವುಗಳ ಒಳಗೆ ಇದ್ದದ್ದು ಎಲ್ಎಂ308 ಅನ್ನೋ ಆಪ್-ಆಂಪು. ಅದರ ಅಲೆ ಮೈಕ್ರೋಸೆಕೆಂಡಿಗೆ ಬರೀ 0.3 ವೋಲ್ಟಿನ ವೇಗದಲ್ಲಿ ಏರಬಲ್ಲದು. ಇವತ್ತು ಎಲ್ಲಾ ಅಂಗಡಿಯಲ್ಲೂ ಸಿಗೋ ಟಿಎಲ್072 ಅದಕ್ಕಿಂತ ನಲವತ್ತು ಪಟ್ಟು ಚುರುಕು. ಆ ನಿಧಾನದ ಚಿಪ್ಪಿಗೆ ಎರಡು ಸಾವಿರ ಪಟ್ಟಿಗೂ ಮೀರಿ ಹಿಗ್ಗಿಸು ಅಂತ ಹೇಳಿದ್ದಾರೆ. ಅದರ ಕೈಲಾಗೋದಿಲ್ಲ. ಗುಂಡಿ ತಿರುಗಿಸಿದಷ್ಟೂ ತಾರಸ್ವರ ತಾನಾಗೇ ಕರಗಿ, ಡಯೋಡಿಗೆ ತಲುಪೋ ಹೊತ್ತಿಗೆ ಅಲೆ ಮಾಗಿರುತ್ತೆ. ಡೇಟಾಶೀಟಿನಲ್ಲಿ ಕೊರತೆ ಅಂತ ಕಾಣೋದು ಇಲ್ಲಿ ಸ್ವಭಾವ. ಮುಂದೆ ಟರ್ಬೋ ರ್‍ಯಾಟ್ ಅಂತ ಬಂತು, ಮುಖ್ಯ ಬದಲಾವಣೆ ಸಿಲಿಕಾನ್ ಜಾಗದಲ್ಲಿ ಕೆಂಪು ಎಲ್‌ಇಡಿ. ಜೋರಾಯ್ತು, ಸ್ವಲ್ಪ ಬಿಡಿಸಿಕೊಂಡಂತೆಯೂ ಆಯ್ತು. ಆದರೆ ಕೇಳಿದ ಕೂಡಲೇ ಇದೂ ರ್‍ಯಾಟೇ ಅಂತ ಗೊತ್ತಾಗುತ್ತೆ ನೋಡಿ!

ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್‌ನಲ್ಲಿ ಎರಡು ಕ್ಲಿಪ್ಪಿಂಗ್ ಮೆಟ್ಟಿಲು, ಒಂದರ ಹಿಂದೆ ಒಂದು, ಪ್ರತಿ ಮೆಟ್ಟಿಲಲ್ಲೂ ತಾರ ಕಡಿಯೋ ಕೆಪಾಸಿಟರು. ಹರಿದದ್ದನ್ನ ನಯ ಮಾಡಿ ಮತ್ತೆ ಹರಿಯೋದು. ಅದರ ಪಿಟೀಲಿನಂಥ ಎಳೆತ ಅಲ್ಲಿಂದ ಬಂತು.

ಒಂದು ಕಡೆ ಎರಡು ಡಯೋಡ್, ಇನ್ನೊಂದು ಕಡೆ ಒಂದೇ ಡಯೋಡ್ ಇಟ್ಟರೆ? ಬಾಸ್ ಒಡಿ-1, 1977ರದು, ಹಾಗೇ ಮಾಡಿತು, ಎಸ್‌ಡಿ-1 ಇವತ್ತಿಗೂ ಹಾಗೇ ಇದೆ. ಎರಡೂ ಕಡೆ ಸಮ ಇದ್ದರೆ ಹುಟ್ಟೋದು ಬೆಸ ಗುಣಕಗಳು ಮಾತ್ರ, ಅಸಮ ಮಾಡಿದರೆ ಸಮ ಗುಣಕಗಳೂ ಸೇರುತ್ತವೆ. ಬಿಡಿ ಸ್ವರದಲ್ಲಿ ಸ್ವಲ್ಪ ದುಂಡಗೆ ಕೇಳುತ್ತೆ ನಿಜ. ಆದರೆ ಕಾರ್ಡಿನಲ್ಲಿ, ಇಡೀ ವಾದ್ಯವೃಂದದ ನಡುವೆ, ಅದರ ಮಹಿಮೆ ಹೇಳೋವಷ್ಟು ಕೇಳೋದಿಲ್ಲ ಅನ್ನೋದು ನನ್ನ ತೀರ್ಮಾನ.

ಫಜ್ ಬೇಕು ಅಂತ ಹಟ ಮಾಡಿದರೆ ಫಜ್ ಫೇಸ್ ಕಟ್ಟಲಿ. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದ ದುಂಡನೆ ಡಬ್ಬಿ, ಜಿಮಿ ಹೆಂಡ್ರಿಕ್ಸ್ ಕಾಲಲ್ಲಿ ತುಳಿದದ್ದು. ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ಎರಡು ಪಾಟು. ಡಯೋಡೇ ಇಲ್ಲ. ಮೊದಲಿನದು ಜರ್ಮೇನಿಯಂ, ಆಮೇಲೆ ಸಿಲಿಕಾನ್. ಜರ್ಮೇನಿಯಂ ಅಂದ ಕೂಡಲೇ ವಿದೇಶದಿಂದ ದುಬಾರಿ ಬೆಲೆಗೆ ತರಿಸಬೇಕು ಅಂದ್ಕೋಬೇಡಿ. ನಮ್ಮ ಜಾಲಹಳ್ಳಿಯ ಬಿಇಎಲ್ 1962ರಿಂದಲೇ ಜರ್ಮೇನಿಯಂ ಸಾಮಾನು ಮಾಡ್ತಿತ್ತು. ಅಟ್ಟದ ಮೇಲಿನ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ ಎಸಿ128 ಸಿಗಬಹುದು, ಡಿಟೆಕ್ಟರಿನ ಜಾಗದಲ್ಲಿ ಒಎ79 ಡಯೋಡೂ ಸಿಗಬಹುದು. ಎಸಿ128 ಫಜ್ ಫೇಸಿಗೆ ಬರುತ್ತೆ, ಡಯೋಡು ಬೇರೆ ಪೆಡಲಿಗೆ.

ಆದರೆ ಆ ಟ್ರಾನ್ಸಿಸ್ಟರಿನ ಸೋರಿಕೆ ನೋಡಬೇಕು. ಬೇಸ್ ಕಾಲನ್ನ ಎಲ್ಲಿಗೂ ಕಟ್ಟದೆ ಬಿಟ್ಟು, ಕಲೆಕ್ಟರಿನ ಕರೆಂಟನ್ನ ಮೀಟರಿನಲ್ಲಿ ನೋಡಿ. ಏನೂ ಹರಿಯಬಾರದು, ಆದರೂ ನೂರಿನ್ನೂರು ಮೈಕ್ರೋಆಂಪ್ ಹರೀತಿರುತ್ತೆ. ಈಗ ಟ್ರಾನ್ಸಿಸ್ಟರಿನ ಲೋಹದ ಟೋಪಿಯನ್ನ ಎರಡು ಬೆರಳಲ್ಲಿ ಹಿಡ್ಕೊಳ್ಳಿ. ಮೈಯ ಬಿಸಿ ತಾಗಿದ ಕೂಡಲೇ ಅಂಕಿ ಏರೋಕೆ ಶುರು, ಬಿಟ್ಟ ಮೇಲೂ ಇಳಿಯೋದು ಬಲು ನಿಧಾನ. ಹತ್ತು ಡಿಗ್ರಿ ಏರಿದರೆ ಸೋರಿಕೆ ಸುಮಾರು ಇಮ್ಮಡಿ ಆಗುತ್ತೆ. ಸಾಧಾರಣ ಮೀಟರು ಈ ಸೋರಿಕೆಯನ್ನೂ ಸೇರಿಸಿ ಗೇನ್ ಅಂತ ತೋರಿಸೋದರಿಂದ ಕೆಟ್ಟ ಟ್ರಾನ್ಸಿಸ್ಟರೂ ಒಳ್ಳೇದಾಗಿ ಕಾಣುತ್ತೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರು ನಾಲ್ಕೂವರೆ ವೋಲ್ಟಿನ ಹತ್ತಿರ ಇರಬೇಕು, ಆಗ ಅಲೆಗೆ ಎರಡೂ ಕಡೆ ಜಾಗ ಇರುತ್ತೆ. ಡಿಸೆಂಬರಿನ ಮಡಿಕೇರಿಯಲ್ಲಿ ಸರಿಮಾಡಿಟ್ಟ ಪೆಡಲನ್ನ ಮೇ ತಿಂಗಳ ಕಲಬುರಗಿಗೆ ತಗೊಂಡು ಹೋದರೆ ಆ ನಾಲ್ಕೂವರೆ ಜರುಗಿಬಿಡುತ್ತೆ, ನಾದ ಉಗ್ಗೋಕೆ ಶುರುವಾಗುತ್ತೆ. ಆ ಕಲೆಕ್ಟರಿಗೆ ಕಟ್ಟಿರೋ ರೆಸಿಸ್ಟರಿನ ಜಾಗಕ್ಕೆ ಒಂದು ಸಣ್ಣ ಟ್ರಿಮ್‌ಪಾಟ್ ಇಟ್ಟರೆ ತಿರುಗಿಸಿ ಸರಿಮಾಡ್ಕೋಬಹುದು. ಇನ್ನೊಂದು ಮಾತು, ಎಸಿ128 ಪಿಎನ್‌ಪಿ ಆದ್ದರಿಂದ ಆ ಪೆಡಲಿಗೆ ಪಾಸಿಟಿವ್ ನೆಲ. ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಸೇರಿಸೋ ಹಾಗಿಲ್ಲ, ಅದಕ್ಕೆ ಅಂತ ಬೇರೆ ಬ್ಯಾಟರಿ ಇಡಿ. ಗಿಟಾರಿನಿಂದ ನೇರವಾಗಿ ಅದಕ್ಕೇ ಹೋಗಬೇಕು, ನಡುವೆ ಬಫರ್ ಇರಬಾರದು. ಅದರ ಇನ್‌ಪುಟ್ಟು ಪಿಕಪ್ಪನ್ನೇ ಜಗ್ಗಿ ಹಿಡಿಯುತ್ತೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಆ ಘೋರ ದನಿ ಗಾಜಿನ ಹಾಗೆ ತಿಳಿಯಾಗೋದು ಅದರಿಂದಲೇ.

ಡಯೋಡ್ ಬದಲಾಯಿಸಿ ಕೇಳೋ ಆಸೆ ಅವಳಿಗೆ ಇದ್ದರೆ ಬೇಡ ಅನ್ನಬೇಡಿ. ಬ್ರೆಡ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿ ಮೂರು ಜಾತಿಯನ್ನೂ ಕೇಳಲಿ. ಆದರೆ ಜರ್ಮೇನಿಯಂ ಕಾಲು ವೋಲ್ಟಿಗೆ ಕತ್ತರಿಸುತ್ತೆ, ಎಲ್‌ಇಡಿ 1.7ಕ್ಕೆ. ಎಲ್‌ಇಡಿ ಬಹಳ ಜೋರಾಗಿ ಕೇಳುತ್ತೆ, ಜೋರಾಗಿ ಕೇಳಿದ್ದೆಲ್ಲಾ ಕಿವಿಗೆ ಚೆನ್ನಾಗೇ ಕೇಳುತ್ತೆ. ಪ್ರತಿ ಸಲ ವಾಲ್ಯೂಮ್ ಸಮ ಮಾಡಿಕೊಂಡು, ಸಾಧ್ಯವಾದರೆ ಸ್ವಿಚ್ಚನ್ನ ಬೇರೆ ಯಾರಾದರೂ ತಿರುಗಿಸಿ, ಕಣ್ಣು ಮುಚ್ಚಿ ಕೇಳಲಿ. ದೊಡ್ಡದು ಅಂದುಕೊಂಡಿದ್ದ ವ್ಯತ್ಯಾಸ ಎಷ್ಟೋ ಸಲ ಬರೀ ಸದ್ದಿನದು ಅಂತ ಆಗ ಗೊತ್ತಾಗುತ್ತೆ. ಉಳಿದ ಚೂರು ವ್ಯತ್ಯಾಸ ನಿಜವಾದದ್ದು, ಅದನ್ನ ಪ್ರೀತಿಯಿಂದ ಆರಿಸ್ಕೊಳ್ಳಲಿ.

ಶುರುಮಾಡೋಕೆ ಎಸ್.ಪಿ. ರೋಡಿನಿಂದ ಒಂದು ಹಿಡಿ 1ಎನ್4148 ತಂದರೆ ಸಾಕು, ಕೆಲವೇ ರೂಪಾಯಿಗೆ ಆಗಿಹೋಗುತ್ತೆ. ಉಳಿದ ದುಡ್ಡಿಗೆ ಬೇರೆಬೇರೆ ಅಳತೆಯ ಫಿಲ್ಮ್ ಕೆಪಾಸಿಟರ್ ತರಲಿ. ಟ್ಯೂಬ್ ಸ್ಕ್ರೀಮರಿನ ಮೊದಲ ಹಂತ ಬ್ರೆಡ್‌ಬೋರ್ಡಿನ ಮೇಲೆ ಕೂರಿಸಿ, ಆ 0.047 ತೆಗೆದು 0.1 ಹಾಕಲಿ: ಗೆರೆ 720ರಿಂದ 340ಕ್ಕೆ ಇಳಿಯುತ್ತೆ, ಮೈ ತುಂಬುತ್ತೆ. 0.22 ಹಾಕಿದರೆ 154ಕ್ಕೆ. ಬಿಡಿ ಸ್ವರ ಚಂದ ಅನ್ನಿಸುತ್ತೆ, ಆಮೇಲೆ ಒಂದು ಪೂರ್ತಿ ಕಾರ್ಡ್ ಬಾರಿಸಿ ಕೆಸರು ಎಲ್ಲಿಂದ ಬಂತು ಅಂತ ನೋಡಲಿ. ಆ ಮೂರು ಕೆಪಾಸಿಟರು ಮುಗಿಯೋವರೆಗೆ ಡಯೋಡಿನ ಕಡೆ ಕೈ ಹಾಕೋದು ಬೇಡ ಅಂತ ಹೇಳಿ.